ಲಂಗರು ಹಿಡಿದ ಹುಡುಗಿಯನ್ನು ಹುಡುಕಿಕೊಂಡು

ಮೈಸೂರಿನಲ್ಲಿ ನಮ್ಮ ಪಕ್ಕದ ಮನೆ ಆಂಟಿಯ ಹಜಾರದಲ್ಲಿ ಒಂದು ಚಿತ್ರ ಇತ್ತು. ಹದಿಮೂರರ ಒಬ್ಬ ಹುಡುಗಿ. ತಲೆಗೆ ಹೂವಿನ ದಂಡೆ. ಒಂದು ಕೈಯಲ್ಲಿ ಖರ್ಜೂರದ ಗರಿ, ಇನ್ನೊಂದರಲ್ಲಿ ಬಾಣ, ಪಕ್ಕದಲ್ಲಿ ಹಡಗಿನ ಲಂಗರು. ಸಂತ ಫಿಲೋಮಿನಾ. ನಮ್ಮೂರಿನ ದೊಡ್ಡ ಚರ್ಚ್ ಇರುವುದು ಈಕೆಯ ಹೆಸರಿನಲ್ಲೇ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಚರ್ಚ್ ಅದು. ಅದರ ಜೋಡಿ ಗೋಪುರ ನಮ್ಮ ತಾರಸಿಯಿಂದಲೂ ಕಾಣುತ್ತಿತ್ತು. ಚಿಕ್ಕವಳಿದ್ದಾಗ ನಾನು ಆಂಟಿಯನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಇವಳಿಗೆ ಲಂಗರು ಯಾಕೆ?

"ರೋಮಿನ ದೊರೆ ಇವಳನ್ನ ಮದುವೆ ಆಗ್ತೀನಿ ಅಂದ. ಇವಳು ಒಲ್ಲೆ ಅಂದ್ಲು. ಕುತ್ತಿಗೆಗೆ ಲಂಗರು ಕಟ್ಟಿ ಹೊಳೆಗೆ ಎಸೆದ್ರಂತೆ ಮಗಾ. ದೇವದೂತರು ಬಂದು ಎತ್ತಿದ್ರು," ಅನ್ನುತ್ತಿದ್ದರು ಆಂಟಿ. ಪ್ರತಿ ಸಲ ಅವರ ಕಣ್ಣು ತುಂಬುತ್ತಿತ್ತು.

ಕಳೆದ ಅಕ್ಟೋಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಏಳು ದಿನ ಇಟಲಿಗೆ ಹೋದೆ. ಅಮ್ಮನಿಗೆ ಎಪ್ಪತ್ತು. ಹಿಂದಿನ ವರ್ಷವಷ್ಟೇ ಎರಡೂ ಕಣ್ಣಿನ ಪೊರೆ ತೆಗೆಸಿದ್ದೆವು. "ಈಗ ಚೆನ್ನಾಗಿ ಕಾಣ್ಸುತ್ತೆ, ಎಲ್ಲಾದರೂ ದೂರ ಕರ್ಕೊಂಡು ಹೋಗು" ಅಂದಿದ್ದಳು. ಹೊರಡುವ ದಿನ ಆಂಟಿ ಬಂದು, "ಫಿಲೋಮಿನಮ್ಮನ ಊರಿಗೆ ಹೋದ್ರೆ ನನಗೊಂದು ಫೋಟೋ ತನ್ನಿ" ಅಂದರು.

ಮೊದಲ ದಿನ, ವೆನಿಸ್

ವೆನಿಸ್‌ನ ರೈಲು ನಿಲ್ದಾಣದ ಹೆಸರು ಸಾಂತಾ ಲೂಚಿಯಾ. ಲೂಸಿ ಎಂಬ ಸಂತಳ ಹೆಸರು. ಅಲ್ಲಿ ಮೊದಲು ಅವಳ ಚರ್ಚ್ ಇತ್ತು. 1861ರಲ್ಲಿ ರೈಲ್ವೆ ಕೆಲಸಕ್ಕಾಗಿ ಅದನ್ನು ಕೆಡವಿದರು. ಚರ್ಚ್ ಹೋಯಿತು, ಹೆಸರು ಉಳಿಯಿತು. ಅವಳ ದೇಹ ಈಗ ಹತ್ತಿರದ ಸಾನ್ ಜೆರೆಮಿಯಾ ಚರ್ಚಿನಲ್ಲಿದೆ. ಹೋಟೆಲಿನಲ್ಲಿ ಪೆಟ್ಟಿಗೆ ಇಟ್ಟು, ಮುಖ ತೊಳೆದು, ಮೊದಲು ಹೋದದ್ದು ಅಲ್ಲಿಗೇ.

ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ದೇಹ, ಮುಖಕ್ಕೆ ಬೆಳ್ಳಿ ಮುಖವಾಡ. ಲೂಸಿ ಸಿಸಿಲಿಯ ಸಿರಾಕ್ಯೂಸಿನವಳು. ಸತ್ತದ್ದು 304ರ ಸುಮಾರಿಗೆ ಎಂಬ ನಂಬಿಕೆ. ಚಿತ್ರಗಳಲ್ಲಿ ಅವಳ ಗುರುತು ಒಂದೇ: ತಟ್ಟೆಯಲ್ಲೋ ಬಟ್ಟಲಲ್ಲೋ ಇಟ್ಟ ಎರಡು ಕಣ್ಣು.

"ನಮ್ಮಲ್ಲಿ ಹರಕೆಗೆ ಬೆಳ್ಳಿ ಕಣ್ಣು ಒಪ್ಪಿಸ್ತೀವಲ್ಲ, ಹಾಗೇ ಇದೆ ಕಣೇ," ಅಂದಳು ಅಮ್ಮ. ಅವಳ ಆಪರೇಷನ್ ಆದಮೇಲೆ ನಾವೂ ಒಂದು ಜೊತೆ ಒಪ್ಪಿಸಿದ್ದೆವು.

ಲೂಸಿಯ ಕಣ್ಣು ಕಿತ್ತರು ಎಂಬ ಕಥೆ ಅವಳ ಹಳೆಯ ಚರಿತ್ರೆಯಲ್ಲಿ ಇಲ್ಲ. ಲ್ಯಾಟಿನ್‌ನಲ್ಲಿ 'ಲುಕ್ಸ್' ಅಂದರೆ ಬೆಳಕು. ಹೆಸರಲ್ಲಿ ಬೆಳಕಿದ್ದವಳ ಹತ್ತಿರ ಕಣ್ಣಿನ ತೊಂದರೆ ಇದ್ದವರು ಬೇಡಿಕೊಳ್ಳಲು ಬಂದರು. ಕಣ್ಣಿನ ಕಥೆ ಹುಟ್ಟಿದ್ದು ಬಹಳ ಕಾಲ ಕಳೆದ ಮೇಲೆ. ಇದನ್ನು ನಾನು ಮೊದಲೇ ಓದಿದ್ದೆ, ಆದರೆ ಅಲ್ಲಿ ನಿಂತು ಯೋಚಿಸಿದಾಗಲೇ ಮನಸ್ಸಿಗೆ ಹತ್ತಿದ್ದು. ಆ ರಾತ್ರಿ ನನಗೆ ನಮ್ಮ ಫಿಲೋಮಿನಾಳ ಲಂಗರಿನದೇ ಯೋಚನೆ.

ಎರಡನೆಯ ದಿನ, ವೆನಿಸ್

ಸಾನ್ ಮಾರ್ಕೊ ಚೌಕದಲ್ಲಿ ಎಲ್ಲಿ ನೋಡಿದರೂ ರೆಕ್ಕೆಯ ಸಿಂಹ. ಕಂಬದ ಮೇಲೆ, ಬಾಗಿಲ ಮೇಲೆ, ಬಾವುಟದ ಮೇಲೆ. ಅದು ಸುವಾರ್ತೆ, ಅಂದರೆ ಯೇಸುವಿನ ಕಥೆ, ಬರೆದ ಮಾರ್ಕನ ಗುರುತು. ಸುವಾರ್ತೆ ಬರೆದ ನಾಲ್ವರಿಗೂ ಒಂದೊಂದು ಇದೆ: ಮತ್ತಾಯನಿಗೆ ರೆಕ್ಕೆಯ ಮನುಷ್ಯ, ಮಾರ್ಕನಿಗೆ ಸಿಂಹ, ಲೂಕನಿಗೆ ಎತ್ತು, ಯೊವಾನ್ನನಿಗೆ ಹದ್ದು. ಬೈಬಲಿನ ಎಜೆಕಿಯೇಲನ ದರ್ಶನದಲ್ಲೂ ಕೊನೆಯ ಪ್ರಕಟನೆ ಪುಸ್ತಕದಲ್ಲೂ ಬರುವ ನಾಲ್ಕು ಜೀವಿಗಳು ಇವು.

"ವಾಹನ ಅನ್ನು," ಅಂದಳು ಅಮ್ಮ. ನಾನೂ ಹಾಗೇ ಅಂದುಕೊಂಡೆ. ದುರ್ಗೆಗೆ ಸಿಂಹ, ಶಿವನಿಗೆ ಎತ್ತು, ವಿಷ್ಣುವಿಗೆ ಗರುಡ. ನಮ್ಮವರಿಗೆ ಅರ್ಥವಾಗಲು ಅದು ಒಳ್ಳೆಯ ಮೆಟ್ಟಿಲು. ಆದರೆ ಈ ಸಿಂಹದ ಮೇಲೆ ಯಾರೂ ಕೂರುವುದಿಲ್ಲ. ಅದು ಪಂಜದಡಿ ಪುಸ್ತಕ ಇಟ್ಟುಕೊಂಡು ತಾನೇ ಸಂತನ ಬದಲಿಗೆ ನಿಂತಿರುತ್ತದೆ. 828ರಲ್ಲಿ ವೆನಿಸಿನ ವ್ಯಾಪಾರಿಗಳು ಅಲೆಕ್ಸಾಂಡ್ರಿಯಾದಿಂದ ಮಾರ್ಕನ ದೇಹವನ್ನು ಹಂದಿಮಾಂಸದ ಕೆಳಗೆ ಬಚ್ಚಿಟ್ಟು ತಂದರಂತೆ. ಸುಂಕದವರು ಮುಟ್ಟಬಾರದು ಅಂತ. ಅಲ್ಲಿಯವರೆಗೆ ಊರಿನ ಕಾವಲು ಸಂತನಾಗಿದ್ದ ತೆಯೊಡೋರ್ ಪಕ್ಕದ ಕಂಬದ ಮೇಲೆ ಮೊಸಳೆ ತುಳಿದುಕೊಂಡು ನಿಂತಿದ್ದಾನೆ. ಅವನನ್ನು ನೋಡಲು ತಲೆ ಎತ್ತುವವರು ಕಡಿಮೆ.

ಜನಜಂಗುಳಿ ಸಾಕಾಗಿ ಹಿಂದಿನ ಬೀದಿಯ ಸಾನ್ ಜಕ್ಕಾರಿಯಾ ಚರ್ಚಿಗೆ ಹೋದೆವು. ಒಳಗೆ ಮಬ್ಬು. ನಾಣ್ಯ ಹಾಕಿದರೆ ಚಿತ್ರದ ಮೇಲೆ ದೀಪ ಹತ್ತುತ್ತದೆ. ಹಾಕಿದೆ. ಜೊವಾನ್ನಿ ಬೆಲ್ಲಿನಿ 1505ರಲ್ಲಿ ಬರೆದ ದೊಡ್ಡ ಚಿತ್ರ ಎದುರಿಗೆ ಬಂತು. ನಡುವೆ ಮಗು ಹಿಡಿದ ಮರಿಯಮ್ಮ, ಕೆಳಗೆ ಪಿಟೀಲು ನುಡಿಸುವ ದೇವದೂತ. ಎರಡು ಪಕ್ಕ ನಾಲ್ವರು. ಯಾರ ಹೆಸರೂ ಬರೆದಿಲ್ಲ.

ನಾನು ಪುಸ್ತಕ ತೆರೆಯುವ ಮೊದಲೇ ಅಮ್ಮ ಬೆರಳು ತೋರಿಸಿದಳು. "ಬಟ್ಟಲಲ್ಲಿ ಕಣ್ಣು. ನಿನ್ನೆ ನೋಡಿದವಳು." ಹೌದು, ಲೂಸಿ. ಎಡತುದಿಯಲ್ಲಿ ಬೀಗದ ಕೈ ಹಿಡಿದ ಮುದುಕ ಪೇತ್ರ. ಸ್ವರ್ಗದ ಬೀಗದ ಕೈ ನಿನಗೆ ಕೊಡುತ್ತೇನೆ ಎಂದು ಯೇಸು ಹೇಳಿದ್ದು ಅವನಿಗೆ. ಅವನ ಪಕ್ಕ ಮುರಿದ ಚಕ್ರದ ಜೊತೆ ಇರುವವಳು ಅಲೆಕ್ಸಾಂಡ್ರಿಯಾದ ಕತರೀನಾ. ಮುಳ್ಳಿನ ಚಕ್ರಕ್ಕೆ ಕಟ್ಟಿ ಕೊಲ್ಲಲು ಹೋದರು, ಅವಳು ಮುಟ್ಟಿದ್ದೇ ಚಕ್ರ ಮುರಿಯಿತು, ಕೊನೆಗೆ ತಲೆ ಕಡಿದರು. ಬಲತುದಿಯಲ್ಲಿ ಕೆಂಪು ಬಟ್ಟೆಯಲ್ಲಿ ಓದುತ್ತಿರುವವನು ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್. ಇಬ್ಬರು ಹೆಣ್ಣುಮಕ್ಕಳ ಕೈಯಲ್ಲೂ ಗರಿ ಇದೆ. ಗರಿ ಅಂದರೆ ಧರ್ಮಕ್ಕಾಗಿ ಪ್ರಾಣ ಕೊಟ್ಟವರು ಅಂತ. ರೋಮನ್ನರಲ್ಲಿ ಅದು ಗೆದ್ದವರಿಗೆ ಕೊಡುವ ಗುರುತಾಗಿತ್ತು.

ದೀಪ ಆರಿತು. ಅಮ್ಮ ತನ್ನ ಚೀಲದಿಂದ ಇನ್ನೊಂದು ನಾಣ್ಯ ತೆಗೆದು ತಾನೇ ಹಾಕಿದಳು.

ಮಧ್ಯಾಹ್ನ ಸಾನ್ ಜೋರ್ಜೊ ದೇಲ್ಯಿ ಸ್ಕಿಯಾವೋನಿ ಎಂಬ ಪುಟ್ಟ ಸಂಘದ ಮನೆಗೆ. ಅಲ್ಲಿ ಕಾರ್ಪಾಚೊ ಬರೆದ ಒಂದು ಚಿತ್ರವನ್ನು ಮರೆಯಲಾರೆ. ಜೆರೋಮ್ ಕಾಲಿಗೆ ಮುಳ್ಳು ಚುಚ್ಚಿದ ಸಿಂಹವನ್ನು ಮಠಕ್ಕೆ ಕರೆತಂದಿದ್ದಾನೆ. ಸನ್ಯಾಸಿಗಳೆಲ್ಲ ನಿಲುವಂಗಿ ಹಾರಿಸಿಕೊಂಡು ದಿಕ್ಕಾಪಾಲು ಓಡುತ್ತಿದ್ದಾರೆ. ಸಿಂಹವೋ ಪಾಪ, ಸಾಧು ಪ್ರಾಣಿ. ಈ ಸಿಂಹ ಮೊದಲಿಗೆ ಜೆರೋಮನದಲ್ಲವಂತೆ. ಜೋರ್ಡಾನ್ ನದಿ ಕಡೆ ಇದ್ದ ಗೆರಾಸಿಮಸ್ ಎಂಬ ಸನ್ಯಾಸಿಯದು. ಲ್ಯಾಟಿನ್‌ನಲ್ಲಿ ಜೆರೋಮನಿಗೂ ಹೆಚ್ಚುಕಡಿಮೆ ಅದೇ ಹೆಸರು. ಹೆಸರು ಹೆಸರಿಗೆ ತಗುಲಿ ಸಿಂಹ ಈ ಮನೆಗೆ ಬಂತು. ಜೆರೋಮನ ಕೆಂಪು ಕಾರ್ಡಿನಲ್ ಟೋಪಿಯೂ ಅಷ್ಟೇ. ಅವನ ಕಾಲದಲ್ಲಿ ಅಂಥ ಟೋಪಿಯೇ ಇರಲಿಲ್ಲ. ಆದರೆ ಸಿಂಹವೂ ಟೋಪಿಯೂ ಇಲ್ಲದಿದ್ದರೆ ಯಾರೂ ಅವನನ್ನು ಗುರುತಿಸುವುದಿಲ್ಲ.

ಮೂರನೆಯ ದಿನ, ಪಾದುವಾ

ಫ್ಲಾರೆನ್ಸ್‌ಗೆ ಹೋಗುವ ದಾರಿಯಲ್ಲಿ ಪಾದುವಾದಲ್ಲಿ ಇಳಿದೆವು, ನಾಲ್ಕು ಗಂಟೆಗೆ ಮಾತ್ರ. ಸಂತ ಅಂತೋಣಿಯವರ ಸಮಾಧಿ ಇಲ್ಲಿದೆ. ಲಿಲಿ ಹೂವು, ಪುಸ್ತಕ, ತೋಳಲ್ಲಿ ಬಾಲ ಯೇಸು, ಇವು ಅವರ ಗುರುತು. ಅಮ್ಮನಿಗೆ ಪರಿಚಯ ಮಾಡಿಕೊಡುವ ಕೆಲಸವೇ ಇರಲಿಲ್ಲ. ಕೆ.ಆರ್. ನಗರದ ಹತ್ತಿರ ಡೋರನಹಳ್ಳಿಗೆ ಆಂಟಿಯ ಜೊತೆ ಎಷ್ಟೋ ಮಂಗಳವಾರ ಹೋಗಿದ್ದಾಳೆ. 1231ರಲ್ಲಿ ಅವರನ್ನು ಮಣ್ಣು ಮಾಡಿದ ದಿನ ಮಂಗಳವಾರ. ಅದಕ್ಕೇ ಆ ವಾರ ಅವರಿಗೆ. ಜನ ಸಮಾಧಿಯ ಕಲ್ಲಿಗೆ ಅಂಗೈ ಒತ್ತಿ ಸುಮ್ನೆ ನಿಲ್ಲುತ್ತಾರೆ. ಅಮ್ಮನೂ ನಿಂತಳು.

ನಾಲ್ಕನೆಯ ದಿನ, ಫ್ಲಾರೆನ್ಸ್

ಓರ್ಸಾನ್‌ಮಿಕೇಲೆ ಒಂದು ಕಾಲದಲ್ಲಿ ದವಸದ ಮಂಡಿ, ಆಮೇಲೆ ಚರ್ಚ್. ಹೊರಗೋಡೆಯ ಗೂಡುಗಳಲ್ಲಿ ಊರಿನ ಒಂದೊಂದು ಕಸುಬಿನ ಸಂಘ ತನ್ನ ಸಂತನನ್ನು ನಿಲ್ಲಿಸಿದೆ. ಈಗ ಹೊರಗಿರುವುದು ನಕಲು. ಮೂಲ ವಿಗ್ರಹಗಳು ಹೆಚ್ಚಿನವು ಮಹಡಿಯ ಮ್ಯೂಸಿಯಂನಲ್ಲಿವೆ. ಕವಚ ಮಾಡುವವರು ದೊನಾತೆಲ್ಲೊ ಕೈಯಲ್ಲಿ ಸಂತ ಜಾರ್ಜ್‌ನನ್ನು ಮಾಡಿಸಿದರು. ನಾರುಬಟ್ಟೆಯವರಿಗೆ ಅದೇ ದೊನಾತೆಲ್ಲೊ ಮಾರ್ಕನನ್ನು ಮಾಡಿಕೊಟ್ಟ. ಆ ಮಾರ್ಕ ನಿಂತಿರುವುದು ದಿಂಬಿನ ಮೇಲೆ. ಕಲ್ಲಿನ ದಿಂಬು ಕಾಲಿನ ಭಾರಕ್ಕೆ ಕುಗ್ಗಿದಂತೆ ಕಾಣುತ್ತದೆ. ಬಟ್ಟೆ ವ್ಯಾಪಾರದವರ ಸಂತ ಅಂತ ಹೇಳಲು ಇದಕ್ಕಿಂತ ಒಳ್ಳೆಯ ಸನ್ನೆ ಬೇಕಾ?

ಅಮ್ಮ ಜಾಸ್ತಿ ಹೊತ್ತು ನಿಂತದ್ದು ಲಾಳ ಹೊಡೆಯುವವರ ಸಂತ ಎಲಿಜಿಯಸ್‌ನ ಮುಂದೆ. ಕೆಳಗಿನ ಕೆತ್ತನೆಯಲ್ಲಿ ಕುದುರೆ ಮೂರು ಕಾಲಲ್ಲಿ ನಿಂತಿದೆ. ನಾಲ್ಕನೆಯ ಕಾಲು ಸಂತನ ಕೈಯಲ್ಲಿ! ಹಟಮಾರಿ ಕುದುರೆಯ ಕಾಲು ತೆಗೆದು, ಲಾಳ ಹೊಡೆದು, ಮತ್ತೆ ಜೋಡಿಸಿದನಂತೆ. ಅಮ್ಮನ ತವರಿನಲ್ಲಿ ಎತ್ತಿಗೆ ಲಾಳ ಕಟ್ಟುವವರು ಬರುತ್ತಿದ್ದರು. ಎತ್ತನ್ನು ಹಗ್ಗ ಹಾಕಿ ಕೆಡವುವುದನ್ನು ನೋಡಲಾರದೆ ಅವಳು ಒಳಗೆ ಓಡುತ್ತಿದ್ದಳಂತೆ. "ಹೀಗೆ ಮಾಡಕ್ಕೆ ಬಂದಿದ್ರೆ ಎಷ್ಟು ಚೆನ್ನಾಗಿತ್ತು," ಅಂದಳು.

ಸಂಜೆ ಸಾನ್ ಮಾರ್ಕೊ ಮಠ. ಅಂಗಳದ ಬಾಗಿಲೊಂದರ ಮೇಲೆ ಫ್ರಾ ಆಂಜೆಲಿಕೊ ಬರೆದ ಹುತಾತ್ಮ ಪೇತ್ರ. ಬೀಗದ ಕೈಯ ಪೇತ್ರ ಅಲ್ಲ, 1252ರಲ್ಲಿ ದಾರಿಯಲ್ಲಿ ಕೊಲೆಯಾದ ಸನ್ಯಾಸಿ. ತಲೆಯ ಗಾಯವೇ ಅವನ ಗುರುತು. ತುಟಿಯ ಮೇಲೆ ಬೆರಳಿಟ್ಟು ಮಾತಾಡಬೇಡಿ ಅನ್ನುತ್ತಿದ್ದಾನೆ. ನಾವಿಬ್ಬರೂ ಹೊರಗೆ ಬರುವ ತನಕ ಮಾತಾಡಲಿಲ್ಲ.

ಐದನೆಯ ದಿನ, ರೋಮ್

ರೈಲು ತಡವಾಗಿ ಮಧ್ಯಾಹ್ನ ತಲುಪಿದೆವು. ಉಳಿದ ಹೊತ್ತನ್ನೆಲ್ಲ ಲ್ಯಾಟರನ್‌ನ ಸಂತ ಯೊವಾನ್ನರ ಬೆಸಿಲಿಕಾಕ್ಕೆ ಕೊಟ್ಟೆವು. ಸಂತರ ಗುರುತು ಓದಲು ಕಲಿಯಬೇಕು ಅನ್ನುವವರಿಗೆ ನಾನು ಹೇಳುವುದು ಇದೊಂದೇ ಜಾಗ. ನಡುವಿನ ಹಜಾರದ ಎರಡು ಬದಿ, ಬೊರೊಮಿನಿ ಮಾಡಿದ ಗೂಡುಗಳಲ್ಲಿ, ಹನ್ನೆರಡು ಪ್ರೇಷಿತರು, ಅಂದರೆ ಯೇಸುವಿನ ಮಾತು ಸಾರಲು ಹೊರಟವರು. ಹದಿನೆಂಟನೆಯ ಶತಮಾನದ ಮೊದಲ ವರ್ಷಗಳಲ್ಲಿ ಕೆತ್ತಿದ್ದು. ಒಂದೊಂದೂ 4 ಮೀಟರ್‌ಗಿಂತ ಎತ್ತರದ ಬಿಳಿ ಅಮೃತಶಿಲೆ.

ಪೌಲನ ಕೈಯಲ್ಲಿ ಕತ್ತಿ. ಅಂದ್ರೆಯನ ಹಿಂದೆ ಓರೆ ಶಿಲುಬೆ. ಸಿಮೋನನ ಹತ್ತಿರ ಗರಗಸ. ಯಾಕೋಬನಿಗೆ ಯಾತ್ರೆಯ ಕೋಲು. ಸುಂಕ ವಸೂಲಿ ಮಾಡುತ್ತಿದ್ದ ಮತ್ತಾಯ ದುಡ್ಡಿನ ಚೀಲವನ್ನು ಕಾಲಡಿ ಹಾಕಿಕೊಂಡಿದ್ದಾನೆ. ಬಾರ್ತಲೋಮಾಯನ ಮುಂದೆ ಮಾತ್ರ ಅಮ್ಮ ಹಿಂದೆ ಸರಿದಳು. ಒಂದು ಕೈಯಲ್ಲಿ ಚೂರಿ, ಇನ್ನೊಂದರಲ್ಲಿ ತನ್ನದೇ ಚರ್ಮ. ಜೀವಂತ ಸುಲಿದರಂತೆ. ಲೆ ಗ್ರೋ ಎಂಬ ಫ್ರೆಂಚ್ ಶಿಲ್ಪಿ ಆ ಜೋತುಬಿದ್ದ ಚರ್ಮದಲ್ಲಿ ಮುಖವನ್ನೂ ಬಿಡಿಸಿದ್ದಾನೆ.

ಹನ್ನೆರಡೂ ನೋಡಿ ಬೆಂಚಿನ ಮೇಲೆ ಕೂತೆವು. ಅಮ್ಮ ತುಂಬ ಹೊತ್ತು ಸುಮ್ಮನಿದ್ದಳು.

"ನಮ್ಮ ದೇವರ ಕೈಲಿರೋದು ದೇವರು ಹೊಡೆಯೋ ಆಯುಧ," ಅಂದಳು ಆಮೇಲೆ. "ಇವರ ಕೈಲಿರೋದು ಇವರನ್ನ ಹೊಡೆದ ಆಯುಧ."

ಇಷ್ಟು ವರ್ಷ ಓದಿದ ಯಾವ ಪುಸ್ತಕದಲ್ಲೂ ನನಗೆ ಇದು ಇಷ್ಟು ನೇರವಾಗಿ ಸಿಕ್ಕಿರಲಿಲ್ಲ. ಚಾಮುಂಡಿಯ ತ್ರಿಶೂಲ ಅವಳ ಶಕ್ತಿ. ಸಿಮೋನನ ಗರಗಸ ಅವನು ಅನುಭವಿಸಿದ ನೋವು. ಕಾರ್ಕಳದ ಅತ್ತೂರಿನಲ್ಲಿ ಪೂಜಿಸುವ ಸಂತ ಲಾರೆನ್ಸ್ ಹಿಡಿದಿರುವ ಕಬ್ಬಿಣದ ಜಾಲರಿ ಅವನನ್ನೇ ಸುಟ್ಟದ್ದು. ಅದನ್ನು ಅವಮಾನ ಅಂತ ಬಚ್ಚಿಡದೆ ಎತ್ತಿ ತೋರಿಸುತ್ತಾರೆ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ದೇವರ ವಿಗ್ರಹ ಅಲ್ಲ, ವೀರಗಲ್ಲು. ಹುಲಿಯ ಜೊತೆ ಹೋರಾಡಿ ಸತ್ತವನ ಕಲ್ಲಿನಲ್ಲಿ ಹುಲಿ ಇರುತ್ತದೆ. ದನ ಬಿಡಿಸಲು ಹೋಗಿ ಸತ್ತವನ ಕಲ್ಲಿನಲ್ಲಿ ದನ ಇರುತ್ತವೆ. ಅಕ್ಷರ ಬಾರದವರೂ ಅದನ್ನು ಓದುತ್ತಾರೆ.

ತೋಮನೊಬ್ಬ ಬೇರೆ. ಅವನ ಹತ್ತಿರ ಇರುವುದು ಗಾರೆಯವರ ಮೂಲೆಮಟ್ಟ. ಭಾರತದ ರಾಜ ಗೊಂಡೊಫರೆಸ್‌ಗೆ ಅರಮನೆ ಕಟ್ಟಿಕೊಡುತ್ತೇನೆ ಎಂದು ಬಂದು, ಕೊಟ್ಟ ಹಣವನ್ನೆಲ್ಲ ಬಡವರಿಗೆ ಹಂಚಿದನಂತೆ. ಅರಮನೆ ಎಲ್ಲಿ ಎಂದರೆ ಸ್ವರ್ಗದಲ್ಲಿ ಎದ್ದಿದೆ ಅಂದನಂತೆ. ರೋಮಿನ ನಡುವೆ ನಮ್ಮ ದೇಶದ ಕಥೆಯನ್ನು ಒಂದು ಮೂಲೆಮಟ್ಟ ಹೇಳುತ್ತಿತ್ತು.

ಆರನೆಯ ದಿನ, ರೋಮ್

ಬೆಳಿಗ್ಗೆ ಸಿಸ್ಟೀನ್ ಚಾಪೆಲ್. ತಳ್ಳಾಟದಲ್ಲಿ ಸರಿಯಾಗಿ ನೋಡಲು ಆಗಲಿಲ್ಲ. ಆದರೂ ಮೈಕೆಲಾಂಜೆಲೊನ ಕೊನೆಯ ತೀರ್ಪಿನ ಚಿತ್ರದಲ್ಲಿ ಅಮ್ಮ ಒಬ್ಬೊಬ್ಬರನ್ನೇ ಹೆಸರು ಹಿಡಿದು ಹೇಳಿದಳು: ಚರ್ಮ, ಚಕ್ರ, ಜಾಲರಿ, ಬೀಗದ ಕೈ. ಬಾಣ ಹಿಡಿದವನು ಸೆಬಾಸ್ಟಿಯನ್ ಅಂತ ನಾನು ಸೇರಿಸಿದೆ.

ಮಧ್ಯಾಹ್ನ ಬಸ್ಸಿನಲ್ಲಿ ಸಲಾರಿಯಾ ರಸ್ತೆಗೆ. ಪ್ರಿಸಿಲ್ಲಾ ನೆಲಮಾಳಿಗೆ ಸ್ಮಶಾನ. ಮೃದು ಕಲ್ಲನ್ನು ಕೊರೆದ ಸುರಂಗಗಳು, ಒಟ್ಟು ಸುಮಾರು 13 ಕಿಲೋಮೀಟರ್. ಎರಡೂ ಗೋಡೆಯಲ್ಲಿ ಶೆಲ್ಫಿನ ಹಾಗೆ ಗೋರಿಗಳು. ಮಾರ್ಗದರ್ಶಿ ಇಲ್ಲದೆ ಒಳಗೆ ಬಿಡುವುದಿಲ್ಲ, ಫೋಟೋ ತೆಗೆಯುವಂತಿಲ್ಲ. ತಣ್ಣಗಿತ್ತು. ಅಮ್ಮನಿಗೆ ನನ್ನ ಶಾಲು ಹೊದಿಸಿದೆ.

1802ರ ಮೇ ತಿಂಗಳಲ್ಲಿ ಇಲ್ಲಿ ಒಂದು ಗೋರಿ ಸಿಕ್ಕಿತು. ಮುಚ್ಚಿದ್ದು ಮೂರು ಸುಟ್ಟಮಣ್ಣಿನ ಹಲಗೆ. ಒಳಗೆ ಹದಿಮೂರರ ಆಸುಪಾಸಿನ ಹುಡುಗಿಯ ಮೂಳೆ ಅಂದರು. ಹಲಗೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದದ್ದು: ಲುಮೆನಾ, ಪಾಕ್ಸ್‌ತೆ, ಕುಮ್‌ಫಿ. ಅರ್ಥವಾಗಲಿಲ್ಲ. ಮೊದಲ ಹಲಗೆಯನ್ನು ಕೊನೆಗಿಟ್ಟರು. ಆಗ ಓದಲು ಬಂತು: ಪಾಕ್ಸ್ ತೆಕುಮ್ ಫಿಲುಮೆನಾ. ನಿನಗೆ ಶಾಂತಿ, ಫಿಲುಮೆನಾ. ಪಕ್ಕದಲ್ಲಿ ಲಂಗರು, ಬಾಣ, ಗರಿ.

ಸಿಕ್ಕಿದ್ದು ಅಷ್ಟೇ. ಅವಳು ಯಾರು, ಯಾರ ಮಗಳು, ಹೇಗೆ ಸತ್ತಳು, ಏನೂ ಇಲ್ಲ. ಆಂಟಿ ಹೇಳುವ ಕಥೆ ಬಂದದ್ದು 1833ರಲ್ಲಿ, ನೇಪಲ್ಸಿನ ಒಬ್ಬ ಸನ್ಯಾಸಿನಿ ತನಗೆ ಸಂತಳೇ ಹೇಳಿದಳು ಎಂದಾಗ. ದೊರೆ ಡಯೋಕ್ಲೇಷಿಯನ್, ಮದುವೆ, ಲಂಗರು ಕಟ್ಟಿ ಟೈಬರ್ ನದಿಗೆ, ಆಮೇಲೆ ಬಾಣ, ಆಮೇಲೆ ಕತ್ತಿ. ಹಲಗೆಯ ಮೇಲಿನ ಒಂದೊಂದು ಗುರುತೂ ಕಥೆಯ ಒಂದೊಂದು ಘಟನೆ ಆಯಿತು. ಬಾರ್ತಲೋಮಾಯನಿಗೆ ಕಥೆ ಮೊದಲು, ಚೂರಿ ಆಮೇಲೆ. ಫಿಲೋಮಿನಾಳಿಗೆ ಲಂಗರು ಮೊದಲು, ಕಥೆ ಆಮೇಲೆ.

ಸುರಂಗದಲ್ಲಿ ನಡೆಯುತ್ತಾ ಮಾರ್ಗದರ್ಶಿ ಟಾರ್ಚು ಬಿಟ್ಟ ಕಡೆ ನೋಡಿದೆವು. ಒಂದು ಗೋರಿಯ ಮೇಲೆ ಲಂಗರು. ಮುಂದೆ ಇನ್ನೊಂದು. ಈ ಸ್ಮಶಾನದಲ್ಲಿ ಲಂಗರು ಎಷ್ಟೋ ಇವೆ. ಅವರೆಲ್ಲ ನೀರಿಗೆ ಬಿದ್ದು ಸತ್ತವರಲ್ಲ. ಆ ಕಾಲದ ಕ್ರೈಸ್ತರಿಗೆ ಲಂಗರು ಅಂದರೆ ನಿರೀಕ್ಷೆ. ನಿರೀಕ್ಷೆ ಎನ್ನುವುದು ಜೀವಕ್ಕೆ ಲಂಗರಿದ್ದಂತೆ ಎಂಬ ಮಾತು ಬೈಬಲಿನಲ್ಲೇ ಇದೆ. ಅಡ್ಡಪಟ್ಟಿ ಇರುವುದರಿಂದ ಅದು ಶಿಲುಬೆಯ ಹಾಗೂ ಕಾಣುತ್ತದೆ.

ನಾನು ಮೆಲ್ಲಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಗೋಡೆಯನ್ನೇ ನೋಡುತ್ತಿದ್ದಳು. "ದಡ ಸೇರಿದ್ಳು ಅಂತ ಬರೆದಿದ್ದಾರೆ ಅನ್ನು. ಪಾಪ, ಯಾರ ಮಗುವೋ."

ನನಗೆ ಗಂಟಲು ಕಟ್ಟಿತು. ಮಗಳನ್ನು ಕಳೆದುಕೊಂಡ ಯಾರೋ ಈ ಕತ್ತಲಲ್ಲಿ ನಿಂತು, ಕೆಂಪು ಬಣ್ಣದಲ್ಲಿ ಬರೆದ ನಾಲ್ಕು ಗೆರೆ ಅದು. ನನ್ನ ಮಟ್ಟಿಗೆ ಆ ಗೆರೆಗಳು ದೊರೆಯ ಕಥೆಗಿಂತ ದೊಡ್ಡವು.

ಏಳನೆಯ ದಿನ, ಮುನ್ಯಾನೊ

ಬೆಳಗಿನ ರೈಲಿಗೆ ನೇಪಲ್ಸ್. ಅಲ್ಲಿಂದ ಲೋಕಲ್ ರೈಲಿನಲ್ಲಿ ಕೊನೆಯ ಸ್ಟೇಷನ್ ಬಯಾನೊ. ಅದರ ಪಕ್ಕದ ಊರೇ ಮುನ್ಯಾನೊ ದೆಲ್ ಕಾರ್ಡಿನಾಲೆ. 1805ರಲ್ಲಿ ಈ ಊರಿನ ಪಾದ್ರಿ ಫ್ರಾಂಚೆಸ್ಕೊ ದಿ ಲೂಚಿಯಾ ಆ ಮೂಳೆಗಳನ್ನು ಇಲ್ಲಿಗೆ ತಂದರು. ಹಲಗೆಗಳು ಆಮೇಲೆ ಬಂದವು. ಇಲ್ಲಿಂದಲೇ ಅವಳ ಹೆಸರು ಫ್ರಾನ್ಸಿಗೆ ಹೋಯಿತು, ಅಲ್ಲಿಂದ ಇನ್ನೂ ದೂರ ಹಬ್ಬಿ, ನಮ್ಮ ಮೈಸೂರಿನವರೆಗೆ ಬಂತು.

1961ರಲ್ಲಿ ರೋಮ್ ಅವಳ ಹಬ್ಬವನ್ನು ಕ್ಯಾಲೆಂಡರಿನಿಂದ ತೆಗೆಯಿತು. ಹಲಗೆಗಳು ಅದಲುಬದಲಾಗಿದ್ದದ್ದು ಹಳೆಯ ಗೋರಿಯಿಂದ ತೆಗೆದು ಬೇರೆ ಯಾರಿಗೋ ಬಳಸಿದ್ದರಿಂದ ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಚರ್ಚಿನೊಳಗೆ ಮಾತ್ರ ಮೋಂಬತ್ತಿ ಉರಿಯುತ್ತಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಜರಿ ಬಟ್ಟೆ ಉಟ್ಟು ಒರಗಿದ ಹುಡುಗಿಯ ಬೊಂಬೆ. ಮುಂದೆ ಮೊಣಕಾಲೂರಿದ ಇಬ್ಬರು ಹೆಂಗಸರು.

ಹಲಗೆಗಳ ಮುಂದೆ ನಿಂತೆವು. ಬಣ್ಣ ಮಾಸಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿದಳು. ಅವಳಿಗೆ ಲ್ಯಾಟಿನ್ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ಬೆರಳನ್ನು ಗಾಳಿಯಲ್ಲೇ ಆಡಿಸಿ, "ಇದು ಲಂಗರು. ಇದು ಬಾಣ. ಇದು ಗರಿ," ಅಂದಳು. ಆಮೇಲೆ, "ಏನಂತ ಬರೆದಿದೆ, ಇನ್ನೊಂದ್ ಸಲ ಹೇಳು."

"ನಿನಗೆ ಶಾಂತಿ, ಫಿಲುಮೆನಾ."

ಹೊರಗಿನ ಅಂಗಡಿಯಲ್ಲಿ ಆಂಟಿಗೆ ಫೋಟೋ ಆರಿಸಲು ಅಮ್ಮ ಹತ್ತು ನಿಮಿಷ ತೆಗೆದುಕೊಂಡಳು. ಹೂವಿನ ದಂಡೆ ಚೆನ್ನಾಗಿದ್ದ ಒಂದನ್ನು ಬಿಟ್ಟು, ಲಂಗರು ದೊಡ್ಡದಾಗಿ ಕಾಣುವ ಇನ್ನೊಂದನ್ನು ತೆಗೆದಳು. ವಾಪಸ್ ರೈಲಿನಲ್ಲಿ ಅದು ಅವಳ ಮಡಿಲಲ್ಲೇ ಇತ್ತು.

"ಆಂಟಿಗೆ ಏನಂತ ಹೇಳೋಣಮ್ಮ?" ಎಂದು ಕೇಳಿದೆ.

"ಮೊದಲು ಅವಳ ಕಥೆ ಅವಳೇ ಹೇಳ್ಲಿ," ಅಂದಳು ಅಮ್ಮ. "ಪೂರ್ತಿ ಹೇಳ್ಲಿ. ಆಮೇಲೆ ಕಾಫಿ ಕುಡಿತಾ ನಾವು ನೋಡಿದ್ದು ಹೇಳೋಣ."